ಹವಳದ ಪಕ್ಕ ಅನಿಮೋನ್ ಇಡಬಹುದಾ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ಉಪ್ಪುನೀರಿನ ಅಕ್ವೇರಿಯಂ ಮಾಡಿದೆ. ಲೆದರ್, ಜೋವಾಂತಿಡ್ ಹವಳಗಳಿವೆ. ಕ್ಲೌನ್ ಮೀನಿಗೆ ಜೊತೆಯಾಗಲಿ ಅಂತ ಬಬಲ್ ಟಿಪ್ ಅನಿಮೋನ್ (ಹೂವಿನಂತೆ ಕಾಣುವ ಕಡಲ ಜೀವಿ) ತರಲಾ?
– ಓದುಗರು, ಬಸವನಗುಡಿ

ಉತ್ತರ: ಈಗಲೇ ಬೇಡ. ತೊಟ್ಟಿಗೆ ವರ್ಷ ತುಂಬಲಿ.

ಹವಳ ಇಟ್ಟಲ್ಲೇ ಇರುತ್ತದೆ, ಅನಿಮೋನ್ ಹಾಗಲ್ಲ. ಬೆಳಕೋ ನೀರಿನ ಹರಿವೋ ಹಿಡಿಸದಿದ್ದರೆ ಕಲ್ಲು ಬಿಟ್ಟು ಹೊರಡುತ್ತದೆ. ದಾರಿಯಲ್ಲಿ ಸಿಕ್ಕ ಹವಳವನ್ನು ಕುಟುಕುತ್ತದೆ. ಜಯನಗರದ ನಮ್ಮನೆಯಲ್ಲಿ ಒಂದು ರಾತ್ರಿ ಹಾಗೆ ಹೊರಟಿದ್ದು ವೇವ್‌ಮೇಕರ್‌ಗೆ (ಅಲೆ ಎಬ್ಬಿಸುವ ಪಂಪು) ಸಿಕ್ಕಿಬಿಟ್ಟಿತು. ಬೆಳಿಗ್ಗೆ ಎದ್ದು ನೋಡಿದರೆ ನೀರೆಲ್ಲ ಗಂಜಿಯಂತೆ ಮಬ್ಬು. ಜೋವಾಂತಿಡ್‌ಗಳು ಮೊಗ್ಗಿನ ಹಾಗೆ ಮುದುಡಿಕೊಂಡಿದ್ದವು. ಇವತ್ತಿಗೂ ಮನಸ್ಸಿಗೆ ನೋವಾಗುತ್ತದೆ.

ಮುಂದೆ ತಂದರೆ ಅದಕ್ಕೆ ಬೇರೆಯೇ ಕಲ್ಲು ಕೊಡಿ, ಸುತ್ತ ಒಂದು ಗೇಣು ಜಾಗ ಬಿಡಿ. ಪಂಪಿನ ಬಾಯಿಗೆ ಸ್ಪಾಂಜ್ ಹಾಕಿ. ಲೆದರ್ ಹವಳವೂ ಸುಮ್ನೆ ಕೂರುವುದಿಲ್ಲ, ನೀರಿಗೆ ವಿಷ ಬಿಡುತ್ತದೆ. ಅದನ್ನು ಹೀರಿಕೊಳ್ಳಲು ಆಕ್ಟಿವೇಟೆಡ್ ಕಾರ್ಬನ್ (ಶೋಧಕದ ಇದ್ದಿಲು) ಬೇಕು. ಕಾವೇರಿ ನೀರಾದರೂ ಆರ್‌ಓ ಮಾಡಿಯೇ ಬಳಸಿ. ಉಪ್ಪಿನ ಅಳತೆ (ಸಾಪೇಕ್ಷ ಸಾಂದ್ರತೆ) 1.025ರ ಆಸುಪಾಸಿನಲ್ಲಿರಲಿ.

ಅಂದ ಹಾಗೆ, ಕ್ಲೌನ್ ಮೀನು ತೊಟ್ಟಿಯಲ್ಲಿ ಅನಿಮೋನ್ ಇಲ್ಲದೆಯೂ ಚೆನ್ನಾಗಿ ಬದುಕುತ್ತದೆ. ಯಾರಾದರೂ ನಮ್ಮ ಕಡಲಿನ ಗಟ್ಟಿ ಹವಳ ಕೊಡುತ್ತೇನೆಂದರೆ ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳಿಗೆ ರಕ್ಷಣೆ ಇದೆ.