ಪ್ರ: ಅಮೆರಿಕದ ಪುಟ್ಟ ರಾಜ್ಯ ವರ್ಮಾಂಟ್‌ನಲ್ಲಿ ಒಂದು ತಿಂಗಳಲ್ಲಿ 500 ಕೆಲಸ ಕಡಿಮೆಯಾದರೆ ಗಾಬರಿಪಡಬೇಕೇ?

ಅದೇ ತಿಂಗಳು ಅಮೆರಿಕದ ಒಟ್ಟು ಉದ್ಯೋಗ ಏರಿದೆ, ವರ್ಮಾಂಟ್ ಸೇರಿದಂತೆ ಈಶಾನ್ಯದ ಆರು ರಾಜ್ಯಗಳ ನ್ಯೂ ಇಂಗ್ಲೆಂಡ್ ಪ್ರದೇಶ ಇದ್ದಲ್ಲೇ ಇದೆ, ಹಾಗಾಗಿ ವರ್ಮಾಂಟ್ ಮಾತ್ರ ಹಿಂದೆ ಬಿತ್ತೇ ಎಂದು ಕೇಳಿದ್ದೀರಿ. ಒಂದು ತಿಂಗಳ ಅಂಕಿ ನೋಡಿ ಹಾಗೆ ತೀರ್ಮಾನಿಸಬೇಡಿ.

ಅಲ್ಲಿ ಕೃಷಿಯೇತರ ಉದ್ಯೋಗ ಇರುವುದೇ ಸುಮಾರು 3 ಲಕ್ಷ. 500 ಎಂದರೆ ಆರುನೂರರಲ್ಲಿ ಒಂದು. ಈ ಅಂಕಿ ಬರುವುದು ಸಂಸ್ಥೆಗಳ ಮಾದರಿ ಸಮೀಕ್ಷೆಯಿಂದ. ಇಷ್ಟು ಚಿಕ್ಕ ರಾಜ್ಯದಲ್ಲಿ ಅಷ್ಟು ಏರಿಳಿತ ಸಮೀಕ್ಷೆಯ ದೋಷದ ಮಿತಿಯೊಳಗೇ ಬಿದ್ದುಹೋಗುತ್ತದೆ. ಮೇಲಾಗಿ ಪ್ರತಿ ವರ್ಷದ ಆರಂಭದಲ್ಲಿ ನಿರುದ್ಯೋಗ ವಿಮೆಯ ದಾಖಲೆಗಳ ಜೊತೆ ತಾಳೆ ನೋಡಿ ಹಳೆಯ ಅಂಕಿಗಳನ್ನೇ ತಿದ್ದುತ್ತಾರೆ. ಕುಸಿತ ಅಂದುಕೊಂಡದ್ದು ಆಗ ಏರಿಕೆಯಾಗಿಯೂ ಬಿಡಬಹುದು!

ಋತುಮಾನದ ಹೊಂದಾಣಿಕೆ ಆಗಿರುವ, ಅಂದರೆ ಪ್ರತಿ ವರ್ಷ ಅದೇ ಕಾಲಕ್ಕೆ ಆಗುವ ಏರಿಳಿತ ತೆಗೆದುಹಾಕಿದ ಅಂಕಿಗಳನ್ನೇ ತೆಗೆದುಕೊಂಡಿದ್ದೀರಾ, ನೋಡಿ. ಚಳಿಗಾಲ ಮುಗಿದು ಸ್ಕೀ ತಾಣಗಳು ಮುಚ್ಚಿದಾಗ ಅಲ್ಲಿ ಕೆಲಸಗಳು ಹೇಗೂ ಇಳಿಯುತ್ತವೆ.

ಪ್ರದೇಶದೊಂದಿಗಿನ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನ್ಯೂ ಇಂಗ್ಲೆಂಡ್‌ನ ಆರು ರಾಜ್ಯಗಳ ಉದ್ಯೋಗದಲ್ಲಿ ಸುಮಾರು ಅರ್ಧ ಮ್ಯಾಸಚೂಸೆಟ್ಸ್ ಒಂದರದ್ದೇ. ನೀವು ಪ್ರದೇಶ ಅಂದುಕೊಂಡು ನೋಡುತ್ತಿರುವುದರಲ್ಲಿ ದೊಡ್ಡ ಪಾಲು ಆ ರಾಜ್ಯದ ರಾಜಧಾನಿ ಬಾಸ್ಟನ್‌ನ ಆಸುಪಾಸಿನದ್ದು.

ನಾನಾದರೆ ಅಮೆರಿಕ, ನ್ಯೂ ಇಂಗ್ಲೆಂಡ್, ವರ್ಮಾಂಟ್ ಮೂರಕ್ಕೂ ಒಂದೇ ತಿಂಗಳನ್ನು 100 ಎಂದಿಟ್ಟು ಸೂಚ್ಯಂಕ ಮಾಡಿ, ಮೂರು ತಿಂಗಳ ಸರಾಸರಿಯ ಗೆರೆ ಎಳೆಯುತ್ತೇನೆ. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದ ಶೇಕಡಾವಾರನ್ನೂ ಪಕ್ಕದಲ್ಲಿಡಿ. ನಾಲ್ಕೈದು ತಿಂಗಳು ವರ್ಮಾಂಟ್‌ನ ಗೆರೆ ಉಳಿದೆರಡರಿಂದ ದೂರ ಸರಿಯುತ್ತಲೇ ಹೋದರೆ, ಆಗ ಯಾವ ವಲಯದಲ್ಲಿ ಕೆಲಸ ಹೋಗುತ್ತಿದೆ ಎಂದು ಹುಡುಕಿ.