ಅಂಬಾಸಿಡರ್ ಎಂಜಿನ್ ಬಿಚ್ಚಿದ್ದೇನೆ, ಹಳೇ ಟೈಮಿಂಗ್ ಚೈನ್ ಮತ್ತೆ ಹಾಕಬಹುದಾ?

ಹಾಕಬೇಡಿ. ಟೈಮಿಂಗ್ ಚೈನ್ ಅಂದ್ರೆ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕಿಂದ, ವಾಲ್ವ್ ತೆರೆಯೋ ದಂಡ ಕ್ಯಾಮನ್ನ ತಿರುಗಿಸೋ ಸರಪಳಿ. "ಚೈನ್ ಕಣ್ಣಿಗೆ ಚೆನ್ನಾಗೇ ಕಾಣ್ತಿದೆ, ಎಷ್ಟು ಸವೆದಿದ್ರೆ ಬದಲಾಯಿಸ್ಬೇಕು" ಅಂತ ಕೇಳಿದೀರಿ. ಬೋರಿಂಗ್‌ಗೆ, ಅಂದ್ರೆ ಸವೆದ ಸಿಲಿಂಡರ್ ಕೊರೆಸೋಕೆ ಅಂತ ಎಂಜಿನ್ ಇಳಿಸಿದ ಮೇಲೆ ಅದು ಪ್ರಶ್ನೆಯೇ ಅಲ್ಲ. ಚೈನೂ, ಅದು ಓಡೋ ಹಲ್ಲಿನ ಚಕ್ರಗಳಾದ ಎರಡೂ ಸ್ಪ್ರಾಕೆಟ್ಟೂ ಹೊಸದೇ ಹಾಕೋದು. ಹಳೇದನ್ನ ಅಳೆಯೋದು ಯಾಕೆ ಸವೀತು ಅಂತ ತಿಳ್ಕೊಳ್ಳೋಕೆ. ಒಂದೇ ಎಂಜಿನ್ ಎರಡು ಸಲ ಬಿಚ್ಚಿದ ಮೇಲೆ ನನಗೆ ಇದು ತಲೆಗೆ ಹೋಯ್ತು.

ನನ್ನದೂ 1489 ಸಿಸಿ ಪೆಟ್ರೋಲ್ ಗಾಡಿ. ಎಲ್ಲ ಹೊಸದು ಹಾಕಿ ಕಟ್ಟಿದ್ದೆ. ಒಂದು ಮಳೆಗಾಲ ಕಳೆಯೋದ್ರೊಳಗೆ ಹುಲಿಕಲ್ ಘಾಟಿಯಲ್ಲಿ ಎರಡನೇ ಗೇರಿಗೂ ಏದುಸಿರು. ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಚೂರು ತಿರುಗಿಸಿ, ಕಿಡಿ ಬೇಗ ಬರೋ ಹಾಗೆ ಟೈಮಿಂಗ್ ಮುಂದೆ ಮಾಡಿದೆ, ಪಿಕಪ್ ಬಂತು. ಬಂದಿದ್ದೇ ಮೋಸ. ಚೈನ್ ಉದ್ದವಾದರೆ ಕ್ಯಾಮ್ ಹಿಂದೆ ಬೀಳತ್ತೆ. ಡಿಸ್ಟ್ರಿಬ್ಯೂಟರ್ ಓಡೋದೂ ಕ್ಯಾಮಿಂದಲೇ, ಹಾಗಾಗಿ ಕಿಡಿಯೂ ತಡ. ನಾನು ಕಿಡಿಯನ್ನ ಮಾತ್ರ ಎಳೆದು ತಂದಿದ್ದೆ, ವಾಲ್ವ್‌ಗಳು ಇದ್ದಲ್ಲೇ ಇದ್ದವು.

ತಪ್ಪು ಆಗಿದ್ದು ಜೋಡಿಸುವಾಗಲೇ. ಕ್ರ್ಯಾಂಕಿನ ಸ್ಪ್ರಾಕೆಟ್ ಹಿಂದೆ ತೆಳ್ಳನೆಯ ವಾಷರ್‌ಗಳಿರ್ತವೆ, ಗ್ರೀಸ್ ಮೆತ್ತಿಕೊಂಡು ಒಂದಕ್ಕೊಂದು ಅಂಟಿರ್ತವೆ. ಬಂದಷ್ಟನ್ನೇ ಒರೆಸಿ ವಾಪಸ್ ಹಾಕಿದ್ದೆ. ಆದರೆ ಅವು ಹಳೇ ಸ್ಪ್ರಾಕೆಟ್‌ಗೆ ಲೆಕ್ಕ ಹಾಕಿ ಇಟ್ಟವು ಮಾರಾಯ್ರೆ! ಹೊಸದರ ದಪ್ಪ ಕೂದಲೆಳೆಯಷ್ಟು ಬೇರೆ ಇದ್ರೂ ಎರಡು ಸ್ಪ್ರಾಕೆಟ್ ಒಂದೇ ಸಾಲಿಗೆ ಬರಲ್ಲ, ಚೈನ್ ಸೊಟ್ಟಗೆ ಓಡತ್ತೆ. ಮತ್ತೆ ಬಿಚ್ಚಿದಾಗ ಲಿಂಕಿನ ಒಳಪಟ್ಟಿ ಒಂದು ಕಡೆ ಬೆಳ್ಳಿ ಥರ ಹೊಳೀತಿತ್ತು, ಇನ್ನೊಂದು ಕಡೆ ಕಪ್ಪು ಆಯಿಲ್ ಬಣ್ಣ ಹಾಗೇ ಇತ್ತು. ನಿಮ್ಮ ಹಳೇ ಚೈನಲ್ಲಿ ಮೊದಲು ಹುಡುಕಬೇಕಾದ ಗುರುತು ಇದೇ. ಜೋಡಿಸುವಾಗ ಕ್ರ್ಯಾಂಕ್, ಕ್ಯಾಮ್ ಎರಡನ್ನೂ ಹಿಂದಕ್ಕೆ ಒತ್ತಿ, ಕ್ಯಾಮ್ ಸ್ಪ್ರಾಕೆಟ್ ಹಲ್ಲುಗಳ ಮುಖಕ್ಕೆ ನೇರವಾದ ಸ್ಟೀಲ್ ಪಟ್ಟಿ ಆನಿಸಿ, ಅದು ಕ್ರ್ಯಾಂಕ್ ಸ್ಪ್ರಾಕೆಟ್‌ನಿಂದ ಎಷ್ಟು ದೂರ ನಿಲ್ಲತ್ತೆ ಅಂತ ಸಂದಿ ಅಳೆಯೋ ತೆಳು ಪಟ್ಟಿಗಳ ಫೀಲರ್ ಗೇಜಲ್ಲಿ ನೋಡಿ. ಅದರ ಪ್ರಕಾರ ವಾಷರ್ ಸೇರಿಸಿ ಅಥವಾ ತೆಗೀರಿ. ಹತ್ತು ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಅಳೆಯೋ ವಿಷಯ. ಚೈನನ್ನ ಸೀಮೆಎಣ್ಣೆಯಲ್ಲಿ ತೊಳೆದು, ಹಲಗೆ ಮೇಲೆ ಬಿಗಿಯಾಗಿ ಎಳೆದು, ಒಂದು ಪಿನ್ನಿಂದ ಎಣಿಸಿ ಹನ್ನೆರಡನೇ ಪಿನ್ನಿನವರೆಗೆ, ಒಂದೇ ಬದಿಯ ಅಂಚಿಂದ ಅಂಚಿಗೆ, ವರ್ನಿಯರ್ ಹಿಡೀರಿ. ಮೊದಲ ಪಿನ್ನು ಸೊನ್ನೆ, ಮರೀಬೇಡಿ. ಪಿಚ್, ಅಂದ್ರೆ ಪಿನ್ನಿಂದ ಪಿನ್ನಿಗೆ ದೂರ, 3/8 ಇಂಚು; ಹೊಸದಾದರೆ ಹನ್ನೆರಡು ಪಿಚ್ಚಿಗೆ 114.3 ಮಿಮೀ. 115.4 ದಾಟಿದರೆ ಶೇಕಡ ಒಂದರಷ್ಟು ಉದ್ದವಾಗಿದೆ, ಗುಜರಿಗೆ. ನನ್ನದು 115.7 ಬಂದಿತ್ತು. ಎರಡು ಮೂರು ಜಾಗದಲ್ಲಿ ಅಳೀರಿ, ಎಲ್ಲ ಕಡೆ ಒಂದೇ ಸಮ ಸವೆದಿರಲ್ಲ. ಸ್ಪ್ರಾಕೆಟ್ ಹಲ್ಲು ಒಂದು ಕಡೆ ಕೊಕ್ಕೆ ಥರ ಬಾಗಿದ್ರೆ ಮುಗೀತು. ಚಿಕ್ಕದು ಕ್ರ್ಯಾಂಕಿಂದು, ಹಲ್ಲು ಅರ್ಧದಷ್ಟೇ ಇರೋದರಿಂದ ಅದೇ ಮೊದಲು ಸವೆಯೋದು. ಸವೆದ ಹಲ್ಲಿಗೆ ಹೊಸ ಚೈನ್ ಹಾಕಿದರೆ ಹೊಸದನ್ನೂ ಅದು ತಿಂದು ಹಾಕತ್ತೆ.

ಎಂಜಿನ್ ಇಳಿಸದವರಿಗೂ, ಚೈನ್ ಎಷ್ಟು ಸಡಿಲವಾಗಿದೆ ಅಂತ ನೋಡೋಕೆ ಒಂದು ಪರೀಕ್ಷೆ ಇದೆ. ಪ್ಲಗ್ ನಾಲ್ಕೂ ತೆಗೆದು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ, ಮುಂದಿನ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿ. ನಿಲ್ಲಿಸಿ, ಕ್ರ್ಯಾಂಕಿನ ಪುಲ್ಲಿ ಮೇಲೆ ಚಾಕ್ ಗೆರೆ ಹಾಕಿ. ಈಗ ಪುಲ್ಲಿ ನಟ್ಟಿಗೆ ಸ್ಪ್ಯಾನರ್ ಕೊಟ್ಟು ಹಿಂದಕ್ಕೆ ತಿರುಗಿಸ್ತಾ, ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ರೋಟರ್ ಅಲುಗೋವರೆಗೆ ಪುಲ್ಲಿ ಎಷ್ಟು ಸರೀತು ನೋಡಿ. ಪುಲ್ಲಿಯ ಸುತ್ತಳತೆಯನ್ನ 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಅಂತ ಸಿಗತ್ತೆ. ಹತ್ತು ಡಿಗ್ರಿ ಮೀರಿದರೆ ನಾನಂತೂ ಚೈನ್ ಮುಚ್ಚೋ ಕವರ್ ಬಿಚ್ತೀನಿ. ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲ ಕೂಡ ಇದರಲ್ಲಿ ಸೇರಿರತ್ತೆ, ಜೊತೆಗೆ ವಾಲ್ವ್ ಸ್ಪ್ರಿಂಗ್ ಕ್ಯಾಮನ್ನ ನೂಕಿ ಲೆಕ್ಕ ತಪ್ಪಿಸತ್ತೆ. ಅದಕ್ಕೇ ನಾಲ್ಕೈದು ಕಡೆ ನಿಲ್ಲಿಸಿ ನೋಡೋದು.

ನಮ್ಮ ಕಡೆ ಇನ್ನೊಂದು ಕಾಟ. ಜೂನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಶೆಡ್ಡಲ್ಲೇ, ಆಗೊಮ್ಮೆ ಈಗೊಮ್ಮೆ ಪೇಟೆಗೆ ಎರಡು ಮೈಲಿ. ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಒಳಗಿನ ತೇವ ಆಯಿಲಿಗೆ ಸೇರತ್ತೆ. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಹಾಲುಕಾಫಿ ಬಣ್ಣದ ಲೋಳೆ ಕಂಡ್ರೆ, ಚೈನಿನ ಪಿನ್ನುಗಳಿಗೂ ಅದೇ ಆಯಿಲ್ ಹೋಗ್ತಿದೆ ಅಂತ ಅರ್ಥ. ಲಿಂಕಿನ ಸಂದಿಯಲ್ಲಿ ಕೆಂಪು ತುಕ್ಕಿನ ಪುಡಿ ಇದ್ರೆ ವಾಷರ್ ಲೆಕ್ಕದ ಜೊತೆ ಆಯಿಲ್ ಬದಲಾಯಿಸೋ ಲೆಕ್ಕವನ್ನೂ ತಿದ್ದಿಕೊಳ್ಳಿ.

ಕಟ್ಟುವಾಗ ಎರಡೂ ಸ್ಪ್ರಾಕೆಟ್‌ಗಳ ಚುಕ್ಕೆ ಎದುರುಬದುರು ಬರಲಿ. ಕವರಿನ ಬೋಲ್ಟ್‌ಗಳನ್ನ ಸಡಿಲವಾಗಿಟ್ಟು, ಪುಲ್ಲಿಗೆ ಆಯಿಲ್ ಸವರಿ ಕವರಿನ ಆಯಿಲ್ ಸೀಲೊಳಗೆ ತೂರಿಸಿ, ಕವರ್ ತಾನೇ ನಡುವಿಗೆ ಕೂತ ಮೇಲೆ ಬಿಗೀರಿ. ಮೊದಲೇ ಬಿಗಿದರೆ ಆಯಿಲ್ ಸೋರತ್ತೆ.