ಲೇಸರ್ ಒಂದೇ ಗೆರೆಯನ್ನು ಎರಡು ಸಲ ಕತ್ತರಿಸುತ್ತಿದ್ದರೆ
ಒಂದೇ ಗೆರೆಯ ಮೇಲೆ ಲೇಸರ್ ಎರಡು ಸಲ ಓಡಿ ಪ್ಲೈವುಡ್ ಅಂಚು ಸುಡುವುದಕ್ಕೆ ಬಹುಮಟ್ಟಿಗೆ ಕಾರಣ ಯಂತ್ರವಲ್ಲ, ವಿನ್ಯಾಸದಲ್ಲಿ ಒಂದರ ಮೇಲೊಂದು ಕುಳಿತ ಜೋಡಿ ಗೆರೆಗಳು. ಮೊದಲು ಯಂತ್ರದ ತಂತ್ರಾಂಶದಲ್ಲಿ ಪಾಸ್ ಸಂಖ್ಯೆ (ಒಂದು ಗೆರೆಯ ಮೇಲೆ ಲೇಸರ್ ಎಷ್ಟು ಸಲ ಓಡಬೇಕೆಂಬ ಲೆಕ್ಕ) 1 ಇದೆಯೇ ನೋಡಿಬಿಡಿ. ಇದ್ದರೆ ವಿನ್ಯಾಸ ಬರೆಯುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಎಲ್ಲ ಗುಂಪುಗಳನ್ನು ಬಿಡಿಸಿ, ಸುಟ್ಟ ಜಾಗದ ಆಕೃತಿಯನ್ನು ಪಕ್ಕಕ್ಕೆ ಎಳೆಯಿರಿ. ಅಡಿಯಲ್ಲಿ ಅಂಥದ್ದೇ ಇನ್ನೊಂದು ಉಳಿದಿದ್ದರೆ ಅಳಿಸಿ. ನನಗೆ ಹೀಗಾಗಿದ್ದು ಎರಡು ಚೌಕಗಳನ್ನು ಅಂಟಿಸಿಟ್ಟಾಗ: ನಡುವಿನ ಅಂಚು ಎರಡಕ್ಕೂ ಸೇರಿತ್ತು. ಆಗ ನೋಡ್ ಉಪಕರಣದಿಂದ (ಗೆರೆಯ ಬಿಂದುಗಳನ್ನು ತಿದ್ದುವ ಸಾಧನ) ಒಂದು ಚೌಕದ ಆ ಬದಿಯನ್ನಷ್ಟೇ ತೆಗೆಯಬೇಕು.

ಏನೂ ಸಿಗದಿದ್ದರೆ ಬರೀ ಗೆರೆಗಳನ್ನು ತೋರಿಸುವ ಔಟ್‌ಲೈನ್ ನೋಟದಲ್ಲಿ ಚೆನ್ನಾಗಿ ಹಿಗ್ಗಿಸಿ ನೋಡಿ. ಕೂದಲೆಳೆ ಅಂತರದಲ್ಲಿ ಎರಡು ಗೆರೆ ಕಂಡರೆ, ಗೆರೆಯ ದಪ್ಪವೇ ಎರಡು ಅಂಚುಗಳುಳ್ಳ ಆಕೃತಿಯಾಗಿ ಬದಲಾಗಿರಬಹುದು. ಅದನ್ನು ತಿದ್ದುತ್ತಾ ಕೂರುವುದಕ್ಕಿಂತ ಒಂದೇ ಗೆರೆಯಾಗಿ ಮತ್ತೆ ಎಳೆಯುವುದು ಲೇಸು.